ನಂಟಿನ ನೆಮ್ಮದಿ ಮತ್ತು ಅಂತರಂಗದ ಉದ್ದೇಶ

ಕನ್ನಡದಲ್ಲಿ 'ನೆಮ್ಮು' ಎಂಬುದೊಂದು ಹಳೆಯ ಕ್ರಿಯಾಪದ. ಒರಗು, ಆತುಕೊಳ್ಳು, ಆಸರೆಯಾಗಿ ಹಿಡಿ ಎಂಬುದು ಅದರ ಅರ್ಥ. ಇಂದಿನ ಬಳಕೆಯಲ್ಲಿ ಅದು ವಿರಳವಾಗಿದ್ದರೂ 'ನೆಮ್ಮದಿ' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಅದರ ನೆನಪಾಗದೆ ಇರದು. ಒರಗಿದಾಗ ಗೋಡೆ ಕುಸಿಯದೆಂಬ ಭರವಸೆಯೇ ನೆಮ್ಮದಿ. ಗೋಡೆಯ ವಿಷಯದಲ್ಲಿ ಆ ಭರವಸೆಯನ್ನು ಪಡೆಯುವುದು ಸುಲಭ. ಮುರಕಲ್ಲಿನ ಗಟ್ಟಿತನವನ್ನೂ ಪಂಚಾಂಗದ ಆಳವನ್ನೂ ನೋಡಿದರೆ ಸಾಕು. ಆದರೆ ಮನುಷ್ಯನು ಮನುಷ್ಯನಿಗೆ ಒರಗುವಾಗ ಪರೀಕ್ಷಿಸಬೇಕಾದ ಅಡಿಪಾಯ ಕಣ್ಣಿಗೆ ಕಾಣುವಂಥದಲ್ಲ. ಈತ ನಮ್ಮ ಜೊತೆಗೆ ಯಾವುದಕ್ಕಾಗಿ ಇದ್ದಾನೆ, ಈಕೆ ನಮ್ಮನ್ನು ಯಾವುದಕ್ಕಾಗಿ ಆದರಿಸುತ್ತಾಳೆ ಎಂಬ ಅಂತರಂಗದ ಉದ್ದೇಶವೇ ಆ ಅಡಿಪಾಯ. ಅತ್ಯಂತ ಹತ್ತಿರದ ಸಂಬಂಧಗಳಲ್ಲಿ ನಾವು ಅನುಭವಿಸುವ ಸುರಕ್ಷಿತತೆಗೂ ಅಲ್ಲಿ ಕೆಲಸಮಾಡುವ ಉದ್ದೇಶಗಳಿಗೂ ಇರುವ ನಂಟೇನು ಎಂಬುದನ್ನು ಇಲ್ಲಿ ವಿಚಾರಿಸಲು ಬಯಸುತ್ತೇವೆ.

ವಯಸ್ಸಾದ ತಾಯಿಗೆ ಮಗನು ವಾರಕ್ಕೊಮ್ಮೆ ಪೇಟೆಯಿಂದ ಮದ್ದು ತಂದುಕೊಡುತ್ತಾನೆಂದು ಇಟ್ಟುಕೊಳ್ಳೋಣ. ಹತ್ತು ವರ್ಷಗಳಿಂದ ತರುತ್ತಿದ್ದರೆ ಆಕೆ ಅದರ ಬಗ್ಗೆ ಯೋಚಿಸುವುದೇ ಇಲ್ಲ. ಮನೆಯ ಜಾಗದ ಪಾಲುಪಟ್ಟಿ ಬರೆಯುವ ಮಾತು ಹುಟ್ಟಿದ ತಿಂಗಳಿನಿಂದ ಅವನು ತರತೊಡಗಿದರೆ, ಅದೇ ಗುಳಿಗೆಯನ್ನು ಅದೇ ನೀರಿನಲ್ಲಿ ನುಂಗಿದರೂ ಆ ರಾತ್ರಿ ಆಕೆಗೆ ನಿದ್ದೆ ಬರುವುದಿಲ್ಲ. ಮದ್ದಿನ ಗುಣದಲ್ಲಿ ವ್ಯತ್ಯಾಸವಿಲ್ಲ. ದೇಹಕ್ಕಾಗುವ ಉಪಕಾರವೂ ಒಂದೇ. ವ್ಯತ್ಯಾಸವಿರುವುದು ನಾಳೆಯಲ್ಲಿ. ಪಾಲುಪಟ್ಟಿಯ ರಿಜಿಸ್ಟ್ರಿ ಮುಗಿದ ಮರುದಿನವೂ ಈ ಕೈ ಚಾಚಿರುವುದೇ ಎಂಬ ಪ್ರಶ್ನೆಗೆ ಇಂದಿನ ಮದ್ದು ಉತ್ತರ ಕೊಡಲಾರದು. ಉದ್ದೇಶ ಮಾತ್ರ ಕೊಡಬಲ್ಲದು. ಕ್ರಿಯೆ ಇಂದಿಗೆ ಸಂಬಂಧಿಸಿದ್ದು, ಉದ್ದೇಶ ನಾಳೆಗೆ ಸಂಬಂಧಿಸಿದ್ದು. ಸುರಕ್ಷಿತತೆಯೆಂಬುದು ನಾಳೆಯ ಬಗೆಗಿನ ಭಾವವಾದ್ದರಿಂದಲೇ ನಾವು ಆಪ್ತರ ಕೃತ್ಯಗಳಿಗೆ ತೃಪ್ತರಾಗದೆ ಅವುಗಳ ಹಿಂದಿನ ಮನಸ್ಸನ್ನು ತಡಕಾಡುತ್ತೇವೆ.

ಇದಕ್ಕೆ ಒಡನೆಯೇ ಒಂದು ಆಕ್ಷೇಪ ಏಳುತ್ತದೆ. ಸ್ವಾರ್ಥವಿಲ್ಲದ ನಂಟು ಲೋಕದಲ್ಲಿ ಎಲ್ಲಿದೆ? ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ತಮಗಾಗಿಯೇ ಪ್ರೀತಿಸುವವರಲ್ಲವೇ? ಈ ಮಾತಿಗೆ ಆಧಾರವಾಗಿ ಹಲವರು ಬೃಹದಾರಣ್ಯಕ ಉಪನಿಷತ್ತಿನ ಯಾಜ್ಞವಲ್ಕ್ಯನನ್ನು ಕರೆತರುತ್ತಾರೆ. ಪತಿಯು ಪ್ರಿಯನಾಗುವುದು ಪತಿಗೋಸ್ಕರವಲ್ಲ, ಆತ್ಮಕ್ಕೋಸ್ಕರ. ಹೆಂಡತಿ, ಮಕ್ಕಳು, ಸಂಪತ್ತು ಎಲ್ಲವೂ ಹಾಗೆಯೇ ಎಂಬುದು ಅವನು ಮೈತ್ರೇಯಿಗೆ ಹೇಳಿದ ಮಾತಿನ ಸಾರ. ಇದನ್ನು ಸ್ವಾರ್ಥದ ಸಮರ್ಥನೆಯೆಂದು ಓದುವವರು ಆ ಸಂಭಾಷಣೆ ನಡೆದ ಸಂದರ್ಭವನ್ನು ಮರೆಯುತ್ತಾರೆ. ಯಾಜ್ಞವಲ್ಕ್ಯನು ಮನೆ ಬಿಟ್ಟು ಹೊರಡುವವನಿದ್ದಾನೆ; ಇದ್ದುದನ್ನು ಕಾತ್ಯಾಯನಿ ಮೈತ್ರೇಯಿಯರೆಂಬ ಇಬ್ಬರು ಹೆಂಡಿರಿಗೆ ಹಂಚಿಕೊಡಲು ಹೊರಟಿದ್ದಾನೆ. ಅಂದರೆ ಅದು ಪಾಲಾಗುವ ಮನೆಯ ಮಾತುಕತೆ. ಭೂಮಿಯೆಲ್ಲ ಸಂಪತ್ತಿನಿಂದ ತುಂಬಿ ನನ್ನದಾದರೂ ನಾನು ಅಮೃತಳಾಗುವೆನೇ ಎಂದು ಮೈತ್ರೇಯಿ ಕೇಳುತ್ತಾಳೆ. ಉಳ್ಳವರ ಬದುಕಿನಂಥ ಬದುಕು ದೊರೆತೀತು, ಅದಕ್ಕಿಂತ ಹೆಚ್ಚಿನದಕ್ಕೆ ಆಸೆಯಿಲ್ಲ ಎಂಬುದು ಅವನ ಪ್ರಾಮಾಣಿಕ ಉತ್ತರ. ಆಕೆ ಪಾಲನ್ನು ಬಿಟ್ಟು ತಿಳಿವನ್ನು ಕೇಳುತ್ತಾಳೆ. ಅವನು ಹೇಳುವ ಆತ್ಮ ನನ್ನ ಹೊಟ್ಟೆ, ನನ್ನ ಹೆಸರು, ನನ್ನ ಹಕ್ಕುಪತ್ರಗಳಷ್ಟಕ್ಕೆ ಮುಗಿಯುವ 'ನಾನು' ಅಲ್ಲ. ಇಬ್ಬರಲ್ಲೂ ಒಂದೇ ಆಗಿರುವ ತತ್ತ್ವ. ಆದ್ದರಿಂದ ಪ್ರೀತಿಯಲ್ಲಿ 'ತಾನು' ಇದೆಯೇ ಇಲ್ಲವೇ ಎಂಬುದು ಮುಖ್ಯ ಪ್ರಶ್ನೆಯಲ್ಲ. ಆ 'ತಾನು' ಎಷ್ಟು ಅಗಲವಾಗಿದೆ, ಅದರೊಳಗೆ ಎದುರಿನವರಿಗೆ ಜಾಗವಿದೆಯೇ ಎಂಬುದೇ ಪ್ರಶ್ನೆ.

ಗ್ರೀಸ್ ದೇಶದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಇದೇ ವಿಚಾರವನ್ನು ಬೇರೊಂದು ದಾರಿಯಿಂದ ಹಿಡಿದನು. ಪ್ರಯೋಜನಕ್ಕಾಗಿ ಕೂಡಿದ ಸ್ನೇಹ, ಸುಖಕ್ಕಾಗಿ ಕೂಡಿದ ಸ್ನೇಹ, ಎದುರಿನವನ ಒಳ್ಳೆಯತನವನ್ನು ಕಂಡು ಅವನ ಹಿತವನ್ನು ಅವನಿಗಾಗಿಯೇ ಬಯಸುವ ಸ್ನೇಹ ಎಂದು ಮೂರು ಬಗೆ ಮಾಡಿದನು. ಮೊದಲೆರಡು ಬೇಗ ಬಿಚ್ಚಿಹೋಗುತ್ತವೆ. ಏಕೆಂದರೆ ಪ್ರಯೋಜನವಾಗಲಿ ಸುಖವಾಗಲಿ ತೀರಿದಾಗ ಕಟ್ಟಿದ ಹಗ್ಗವೇ ತೀರುತ್ತದೆ. ಮೂರನೆಯದು ಬಾಳುತ್ತದೆ, ಆದರೆ ವಿರಳ. ಅದಕ್ಕೆ ಕಾಲವೂ ಒಡನಾಟವೂ ಬೇಕು. ವಿಂಗಡಣೆ ಸ್ಪಷ್ಟವಾಗಿದೆ. ಆದರೆ ಸಂಸಾರದ ನಂಟು ಹೀಗೆ ಮೂರು ಡಬ್ಬಿಗಳಲ್ಲಿ ತುಂಬಿಡುವ ಸಾಮಾನಲ್ಲ. ದುಡಿದು ತರುವವನೆಂಬ ಪ್ರಯೋಜನ, ಮಾತಿಗೆ ಸಿಗುವವಳೆಂಬ ಸುಖ, ನಿಜವಾದ ಅಕ್ಕರೆ ಇವೆಲ್ಲ ಒಂದೇ ದಿನದಲ್ಲಿ, ಒಂದೇ ಊಟದ ಹೊತ್ತಿನಲ್ಲಿ ಬೆರೆತಿರುತ್ತವೆ. ಹಾಗಾದರೆ ಈ ಬೆರಕೆಯಲ್ಲಿ ಯಾವುದು ಮೇಲುಗೈ ಪಡೆಯುತ್ತದೆಂಬುದನ್ನು ನಿರ್ಧರಿಸುವುದು ಯಾವುದು?

ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಿಲ್ಲ. ನಮ್ಮ ಕಾಸರಗೋಡಿನ ನೆಲವೇ ಇದಕ್ಕೊಂದು ದೀರ್ಘ ಪ್ರಯೋಗಶಾಲೆಯಾಗಿತ್ತು. ಭೂತಾಳಪಾಂಡ್ಯನೆಂಬ ಅರಸನು ವಿಧಿಸಿದ ಕಟ್ಟೆಂದು ಐತಿಹ್ಯ ಹೇಳುವ ಅಳಿಯಸಂತಾನ ಪದ್ಧತಿ ತುಳುನಾಡಿನ ಹಲವು ಸಮುದಾಯಗಳಲ್ಲಿ ತಲೆತಲಾಂತರ ನಡೆದುಬಂತು. ಪಕ್ಕದ ಮಲಯಾಳ ಮನೆಗಳಲ್ಲಿ ಮರುಮಕ್ಕತ್ತಾಯವಿತ್ತು. ಮನೆತನ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಹೆಣ್ಣಿನ ಸಂತತಿಯಿಂದ ಹುಟ್ಟಿದ ಒಂದೊಂದು ಕವಲಿಗೂ 'ಕವರು' ಎಂಬ ಹೆಸರಿತ್ತು. ಯಜಮಾನನು, ಕೆಲವೊಮ್ಮೆ ಯಜಮಾನ್ತಿ, ಎಲ್ಲರ ಪರವಾಗಿ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದರು. ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿ ಬಾಳಿದರೂ ಆಕೆಯ ಹಕ್ಕಿನ ಬೇರು ಹುಟ್ಟಿದ ಮನೆಯಲ್ಲೇ ಇರುತ್ತಿತ್ತು. ಗಂಡ ತೀರಿಕೊಂಡರೆ, ಅಥವಾ ಮದುವೆ ಮುರಿದರೆ, ಆಕೆ ತವರಿಗೆ ಬರುತ್ತಿದ್ದುದು ಅಣ್ಣತಮ್ಮಂದಿರ ಕರುಣೆಯಿಂದಲ್ಲ, ತನ್ನ ಅಧಿಕಾರದಿಂದ.

ಇದರ ನೈತಿಕ ಫಲವನ್ನು ಗಮನಿಸಬೇಕು. ಹೋಗಲು ಮನೆಯಿರುವ ಹೆಣ್ಣು ಗಂಡನ ಜೊತೆಗಿದ್ದರೆ, ಬೇರೆ ದಿಕ್ಕಿಲ್ಲದೆ ಇದ್ದಾಳೆಂದು ಯಾರೂ ಹೇಳುವಂತಿರಲಿಲ್ಲ. ಅವಳ ಇರುವಿಕೆಯಲ್ಲಿ ಭಯದ ಪಾಲು ಕಡಿಮೆ. ಆದ್ದರಿಂದ ಇಷ್ಟದ ಪಾಲು ಸ್ಪಷ್ಟ. ಹೊಟ್ಟೆಪಾಡಿನ ಆತಂಕವನ್ನು ಸಂಬಂಧದ ಹೊರಗೆ ಪರಿಹರಿಸಿದಾಗ ಸಂಬಂಧದೊಳಗಿನ ಉದ್ದೇಶ ತಿಳಿಯಾಗುವ ಅವಕಾಶ ಹೆಚ್ಚುತ್ತದೆ ಎಂಬುದು ಆ ಪದ್ಧತಿ ಕಲಿಸುವ ಮೊದಲ ಪಾಠ.

ಆದರೆ ಅದನ್ನು ಹೊನ್ನಿನ ಯುಗವೆಂದು ಹೊಗಳಿ ಮುಗಿಸುವುದು ಸತ್ಯಕ್ಕೆ ಅಪಚಾರ. ಅದೇ ಪದ್ಧತಿ ಇನ್ನೊಂದು ಕಡೆ ಬೇರೊಂದು ಭಯವನ್ನು ಸಾಕಿತು. ಸೋದರಮಾವನು ಯಜಮಾನ, ಅವನ ಆಳ್ವಿಕೆಯ ಫಲ ಅಕ್ಕತಂಗಿಯರ ಮಕ್ಕಳಿಗೆ. ಅವನ ಮಡಿಲಲ್ಲಿ ಬೆಳೆದ ಸ್ವಂತ ಮಕ್ಕಳು ಮತ್ತೊಂದು ಮನೆತನದವರು. ರಾತ್ರಿ ಎದೆಯ ಮೇಲೆ ಮಲಗಿಸಿಕೊಂಡ ಮಗುವಿಗೆ ತನ್ನ ಮನೆತನದ ಒಂದು ಸೇರು ಅಕ್ಕಿಯ ಮೇಲೂ ಹಕ್ಕಿಲ್ಲವೆಂದು ತಿಳಿದ ತಂದೆ ಸ್ವಾರ್ಜಿತವನ್ನಾದರೂ ಆ ಕಡೆಗೆ ಜಾರಿಸಲು ನೋಡಿದರೆ ಆಶ್ಚರ್ಯವಿಲ್ಲ. ಹಾಗೆ ಜಾರಿಸುತ್ತಿದ್ದಾನೆಂದು ಅಳಿಯಂದಿರು ಅನುಮಾನಿಸಿದರೂ ಆಶ್ಚರ್ಯವಿಲ್ಲ. ಮಾವನ ಅಕ್ಕರೆಯ ಮಾತಿನಲ್ಲಿ ಲೆಕ್ಕ ಹುಡುಕುವುದು, ಅಳಿಯನ ವಿನಯದಲ್ಲಿ ಯಜಮಾನಿಕೆಯ ಆಸೆ ಹುಡುಕುವುದು ಆ ಮನೆಗಳ ಒಳಗುದಿಯಾಯಿತು. ಒಬ್ಬರ ಭದ್ರತೆಗೆಂದು ಕಟ್ಟಿದ ಗೋಡೆ ಇನ್ನೊಬ್ಬರನ್ನು ಹೊರಗಿಟ್ಟರೆ, ಹೊರಗುಳಿದವರ ನೋವು ಒಳಗಿರುವವರ ನೆಮ್ಮದಿಯನ್ನೂ ಕೊರೆಯುತ್ತದೆ. ಇದು ಎರಡನೆಯ ಪಾಠ.

1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳಿಗೆ ಪಾಲು ಕೇಳುವ ದಾರಿಯನ್ನು ತೆರೆಯಿತು. ಕೇರಳದಲ್ಲಿ 1975ರ ಹಿಂದೂ ಅವಿಭಕ್ತ ಕುಟುಂಬ ರದ್ದತಿ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದು ಆ ಕೂಡುಕುಟುಂಬದ ಕಾನೂನು ರೂಪವನ್ನೇ ಮುಗಿಸಿತು. ದೊಡ್ಡ ಮನೆಗಳ ಜಾಗ ಹಲವು ಸರ್ವೆ ನಂಬರುಗಳಾಗಿ ಒಡೆಯಿತು. ದೈವದ ಕೋಲಕ್ಕೆ, ತಂಬಿಲಕ್ಕೆ ಕುಟುಂಬದವರು ಇಂದಿಗೂ ಕೂಡುತ್ತಾರೆ. ಆದರೆ ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರು, ಕಾಯಿಲೆ ಬಿದ್ದಾಗ ಖರ್ಚು ಯಾರದು ಎಂಬ ಪ್ರಶ್ನೆಗಳೆಲ್ಲ ಗಂಡ, ಹೆಂಡತಿ, ಒಬ್ಬಿಬ್ಬರು ಮಕ್ಕಳೆಂಬ ಪುಟ್ಟ ವೃತ್ತದೊಳಗೆ ಬಂದು ಬಿದ್ದಿವೆ. ಹಿಂದೆ ಇಪ್ಪತ್ತು ಮಂದಿಯ ಮೇಲೆ ಹಂಚಿಹೋಗುತ್ತಿದ್ದ ಭಾರವನ್ನು ಇಂದು ಇಬ್ಬರು ಹೊರುತ್ತಾರೆ. ಭಾರ ಹೆಚ್ಚಿದಷ್ಟೂ ಹೊರುವವರ ಮನಸ್ಸಿನ ಬಗೆಗಿನ ಆತಂಕವೂ ಹೆಚ್ಚುತ್ತದೆ.

ಈ ಆತಂಕಕ್ಕೆ ನಮ್ಮ ಹಿರಿಯರಲ್ಲಿ ಹಲವರು ಕಂಡುಕೊಂಡ ಉಪಾಯ ಎಲ್ಲರಿಗೂ ಗೊತ್ತಿರುವುದೇ. ದಾಖಲೆಪತ್ರಗಳನ್ನು ಕಡೆಯವರೆಗೆ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳುವುದು. ಮರಣಶಾಸನ ಬರೆದಿದೆಯೆಂದು ಹೇಳುವುದು, ಯಾರ ಹೆಸರಿಗೆಂದು ಹೇಳದಿರುವುದು. ಇದನ್ನು ಕ್ರೌರ್ಯವೆಂದು ಕರೆಯುವುದು ಅನ್ಯಾಯ. ಬರೆದುಕೊಟ್ಟ ಮೇಲೆ ಜಗಲಿಯ ಮೂಲೆಗೆ ಸರಿದ ತಂದೆತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. ಅಂಥವರ ರಕ್ಷಣೆಗೆಂದೇ ಸಂಸತ್ತು 2007ರಲ್ಲಿ ತಂದೆತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯನ್ನು ಮಾಡಿತು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ಪಡೆದವರು ಆ ಷರತ್ತನ್ನು ಮುರಿದರೆ ಹಸ್ತಾಂತರವನ್ನು ಅಸಿಂಧುವೆಂದು ಸಾರಲು ಅದರ 23ನೆಯ ಕಲಮು ನ್ಯಾಯಮಂಡಳಿಗೆ ಅಧಿಕಾರ ಕೊಡುತ್ತದೆ. ಇಂಥ ಕಾಯಿದೆ ಬೇಕು. ಅನ್ನ, ಮದ್ದು, ಸೂರು ಇವು ಯಾರ ಮನಃಸ್ಥಿತಿಗೂ ಕಾಯುವಂಥವಲ್ಲ. ಆದರೆ ಕಾಯಿದೆ ತಂದುಕೊಡುವುದು ಅನ್ನವನ್ನು, ಬಡಿಸುವ ಮನಸ್ಸನ್ನಲ್ಲ.

ಪೆಟ್ಟಿಗೆಯಲ್ಲಿಟ್ಟ ಪತ್ರಕ್ಕೆ ಇನ್ನೊಂದು ಬೆಲೆ ತೆರಬೇಕಾಗುತ್ತದೆ. ಅದನ್ನು ನಾವು ಸಾಕಷ್ಟು ಯೋಚಿಸಿಲ್ಲ. ಪತ್ರದ ಆಸೆಯಿಂದ ಮಕ್ಕಳನ್ನು ಹತ್ತಿರ ಇಟ್ಟುಕೊಂಡ ತಂದೆ, ಅವರು ಪತ್ರದ ಆಸೆಯಿಲ್ಲದೆಯೂ ಬರುತ್ತಿದ್ದರೇ ಎಂಬುದನ್ನು ತಿಳಿಯುವ ದಾರಿಯನ್ನು ತಾನೇ ಮುಚ್ಚಿಕೊಂಡಿರುತ್ತಾನೆ. ನಿಜವಾದ ಅಕ್ಕರೆಯಿಂದ ಬಂದ ಮಗಳೂ ಲೆಕ್ಕದಿಂದ ಬಂದ ಮಗನೂ ಅವನ ಕಣ್ಣಿಗೆ ಒಂದೇ ಬಣ್ಣದಲ್ಲಿ ಕಾಣುತ್ತಾರೆ. ಮಗಳಿಗೂ ತನ್ನ ಅಕ್ಕರೆಯನ್ನು ತೋರಿಸುವ ದಾರಿ ಇಲ್ಲವಾಗುತ್ತದೆ; ಏನು ಮಾಡಿದರೂ ಅದು ಪಾಲಿಗಾಗಿ ಎಂಬ ಅರ್ಥ ಮೊದಲೇ ಕಾದು ಕುಳಿತಿರುತ್ತದೆ. ಬಹುಮಾನ ಒಡ್ಡಿ ಹಿಡಿದಿಟ್ಟವನಿಗೆ ಜನ ಸಿಗುತ್ತಾರೆ, ಸಾಕ್ಷಿ ಸಿಗುವುದಿಲ್ಲ. ಭಯವೆಂಬ ಉದ್ದೇಶದ ಸ್ವಭಾವವೇ ಇದು: ಅದು ತಾನು ಹುಡುಕುವ ಭರವಸೆಯನ್ನು ಹುಡುಕುವ ಕ್ರಿಯೆಯಿಂದಲೇ ಕೆಡಿಸುತ್ತದೆ. ಗಂಡನ ಫೋನನ್ನು ಕದ್ದು ನೋಡುವ ಹೆಂಡತಿಗೂ, ಹೆಂಡತಿಯ ಸಂಬಳದ ಚೀಟಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳುವ ಗಂಡನಿಗೂ ಇದೇ ಗತಿ. ಏನೂ ಸಿಗದಿದ್ದರೆ ಸಮಾಧಾನವಾಗುವುದಿಲ್ಲ, ಇನ್ನೊಮ್ಮೆ ನೋಡಬೇಕೆನಿಸುತ್ತದೆ.

ಶಿಶುಗಳ ಮನಸ್ಸನ್ನು ಅಭ್ಯಾಸಮಾಡಿದವರು ಈ ವಿಷಯದಲ್ಲಿ ಬೆಲೆಯುಳ್ಳ ಮಾತುಗಳನ್ನಾಡಿದ್ದಾರೆ. ಬ್ರಿಟನ್ನಿನ ಜಾನ್ ಬೌಲ್ಬಿ, ಅವರೊಡನೆ ಕೆಲಸಮಾಡಿದ ಮೇರಿ ಐನ್ಸ್‌ವರ್ತ್ ಇವರು ತಾಯಿ ಮಗುವಿನ ಬಾಂಧವ್ಯವನ್ನು ಕುರಿತು ದಶಕಗಳ ಕಾಲ ದುಡಿದರು. 1950ರ ದಶಕದ ನಡುವಿನಲ್ಲಿ ಐನ್ಸ್‌ವರ್ತ್ ಆಫ್ರಿಕದ ಉಗಾಂಡಾ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ತಾಯಂದಿರನ್ನೂ ಕೂಸುಗಳನ್ನೂ ಗಮನಿಸಿದರು. ತಾಯಿಯ ಬಗ್ಗೆ ಭರವಸೆಯಿರುವ ಕೂಸು ಅವಳಿಗೇ ಅಂಟಿಕೊಂಡು ಕೂರುವುದಿಲ್ಲ. ಅಂಬೆಗಾಲಿಕ್ಕಿ ದೂರ ಹೋಗುತ್ತದೆ, ಹೊಸದನ್ನು ಮುಟ್ಟಿ ನೋಡುತ್ತದೆ, ತಿರುಗಿ ಒಮ್ಮೆ ತಾಯಿಯತ್ತ ನೋಡಿ ಮತ್ತೆ ಮುಂದೆ ಸಾಗುತ್ತದೆ. ಭರವಸೆ ಅಲುಗಿದ ಕೂಸು ಬಿಡದೆ ಹಿಡಿದುಕೊಳ್ಳುತ್ತದೆ. ಆ ಭರವಸೆಯನ್ನು ಹುಟ್ಟಿಸುವುದರಲ್ಲಿ ತಾಯಿಯ ಸೂಕ್ಷ್ಮಸ್ಪಂದನೆಗೆ, ಎಂದರೆ ಮಗುವಿನ ಸೂಚನೆಯನ್ನು ಅರಿತು ಅದಕ್ಕೆ ಓಗೊಡುವ ಗುಣಕ್ಕೆ, ಐನ್ಸ್‌ವರ್ತ್ ಬಹಳ ಮಹತ್ವ ಕೊಟ್ಟರು. ಇದನ್ನು ನಮ್ಮ ವಿಚಾರಕ್ಕೆ ಅನ್ವಯಿಸಿದರೆ ಉದ್ದೇಶದ ತಿರುಳು ಸಿಗುತ್ತದೆ. ಮಗುವಿಗೆ ಹಸಿದಾಗ ಉಣಿಸುವುದು ಒಂದು. ನಮಗೆ ಬಿಡುವಾದಾಗ, ನಮ್ಮ ಮನಸ್ಸಿನ ಕಳವಳ ತಣಿಸಿಕೊಳ್ಳಲು ಉಣಿಸುವುದು ಇನ್ನೊಂದು. ಎರಡರಲ್ಲೂ ತುತ್ತು ಬಾಯಿಗೆ ಹೋಗುತ್ತದೆ. ಯಾರ ಹಸಿವಿಗೆ ಎಂಬುದನ್ನು ಮಾತ್ರ ಮಗು ಬಲ್ಲದು. ದೊಡ್ಡವರೂ ಬಲ್ಲರು.

ಹಾಗಾದರೆ ಉದ್ದೇಶ ಮೊದಲಿನಿಂದಲೂ ಶುದ್ಧವಾಗಿರದಿದ್ದರೆ ನಂಟು ಕೆಟ್ಟಂತೆಯೇ? ಹಾಗೆಂದು ನಾವು ನಂಬುವುದಿಲ್ಲ. ಪಂಪನ ವಿಕ್ರಮಾರ್ಜುನವಿಜಯದ ಕರ್ಣ ದುರ್ಯೋಧನರ ಸ್ನೇಹವೇ ಇದಕ್ಕೆ ನಿದರ್ಶನ. ಆ ಸ್ನೇಹದ ಹುಟ್ಟಿನಲ್ಲಿ ಲೆಕ್ಕಾಚಾರವಿತ್ತು. ಅರ್ಜುನನಿಗೆ ಸಾಟಿಯಾಗಬಲ್ಲ ಬಿಲ್ಗಾರ ಸಿಕ್ಕನೆಂಬ ಸಂತೋಷದಲ್ಲಿಯೇ ದುರ್ಯೋಧನನು ಅಂಗರಾಜ್ಯದ ಪಟ್ಟ ಕಟ್ಟಿದ್ದು. ಆದರೆ ಮುಂದೊಂದು ದಿನ ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ ರಾಜ್ಯವನ್ನೇ ಒಡ್ಡಿದಾಗ ಕರ್ಣನು ನೆನೆಯುವುದು ಆ ಪಟ್ಟವನ್ನಷ್ಟೇ ಅಲ್ಲ, ಭಾನುಮತಿಯ ನೆತ್ತದಾಟದ ಒಂದು ಗಳಿಗೆಯನ್ನು. ಆ ಪದ್ಯದ ಅನ್ವಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲವಾದರೂ ಕನ್ನಡಿಗರ ಮನಸ್ಸಿನಲ್ಲಿ ಉಳಿದ ಚಿತ್ರ ಇದು: ಹಾರ ಹರಿದು ಮುತ್ತುಗಳು ಚೆಲ್ಲಾಡಿವೆ, ಅರಸನ ಮನಸ್ಸು ಅನುಮಾನದ ಕಡೆಗೆ ಹರಿಯದೆ, ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳುತ್ತದೆ. ಪ್ರಯೋಜನಕ್ಕೆಂದು ಹುಟ್ಟಿದ ಸ್ನೇಹ ಒಡನಾಟದಲ್ಲಿ ಹದಗೊಂಡು ಅನುಮಾನಕ್ಕೆ ಎಡೆಯಿಲ್ಲದ ನೆಲೆಗೆ ಬಂದಿದೆ. ಬೀಜದ ಉದ್ದೇಶವೇ ಮರದ ಉದ್ದೇಶವಾಗಿ ಉಳಿಯಬೇಕೆಂಬ ನಿಯಮವಿಲ್ಲ.

ಅದೇ ಕಥೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಅಷ್ಟು ಸುರಕ್ಷಿತವಾದ ಆ ಸ್ನೇಹ ಕರ್ಣನನ್ನು ಅನ್ಯಾಯದ ಪಕ್ಷದಲ್ಲಿ ಕಡೆಯವರೆಗೆ ನಿಲ್ಲಿಸಿತು. ಕೈಬಿಡುವುದಿಲ್ಲವೆಂಬ ಭರವಸೆ ದೊಡ್ಡ ಗುಣ. ಆದರೆ ಗೆಳೆಯನ ಹಿತವೆಂದರೆ ಅವನ ಗೆಲುವಷ್ಟೇ ಅಲ್ಲ, ಅವನ ಒಳ್ಳೆಯತನವೂ ಹೌದು ಎಂಬುದನ್ನು ಮರೆತ ನಂಟು ಇಬ್ಬರನ್ನೂ ಒಟ್ಟಿಗೆ ಮುಳುಗಿಸಬಲ್ಲದು. ತಪ್ಪುಮಾಡಿದ ಮಗನ ಬೆನ್ನಿಗೆ ನಿಲ್ಲುವುದೇ ಪ್ರೀತಿಯೆಂದು ತಿಳಿದ ಮನೆಗಳಲ್ಲಿ ನಾವಿದನ್ನು ಇಂದಿಗೂ ಕಾಣುತ್ತೇವೆ. ಅಲ್ಲಿ ಭದ್ರತೆ ಇದೆ, ಶ್ರೇಯಸ್ಸಿಲ್ಲ.

ಇಷ್ಟು ದೂರ ಬಂದ ಮೇಲೆ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಉದ್ದೇಶವನ್ನು ಪರೀಕ್ಷಿಸುವ ಕೆಲಸ ಎರಡು ದಿಕ್ಕಿನಲ್ಲಿ ಸಮನಾಗಿ ನಡೆಯತಕ್ಕದ್ದಲ್ಲ. ತನ್ನ ಉದ್ದೇಶವನ್ನು ಮನುಷ್ಯನು ಎಷ್ಟು ಕಟುವಾಗಿ ಕೇಳಿಕೊಂಡರೂ ತಪ್ಪಿಲ್ಲ. ಎದುರಿನವರದನ್ನು ಹಾಗೆ ಕೇಳತೊಡಗಿದರೆ ಮನೆ ಕೋರ್ಟಾಗುತ್ತದೆ. ಸೊಸೆ ತಂದ ಸೀರೆಯ ಹಿಂದೆ, ಭಾವನ ಫೋನ್ ಕರೆಯ ಹಿಂದೆ ಏನಿದೆಯೆಂದು ಕೆದಕುವವರಿಗೆ ಏನಾದರೂ ಸಿಕ್ಕೇ ಸಿಗುತ್ತದೆ, ಏಕೆಂದರೆ ಪೂರ್ತಿ ನಿರ್ಮಲವಾದ ಮನಸ್ಸು ಯಾರಲ್ಲೂ ಇಲ್ಲ. ಆದ್ದರಿಂದ ಆಪ್ತರ ವಿಷಯದಲ್ಲಿ ನಮಗಿರುವ ಯೋಗ್ಯವಾದ ಅಳತೆಗೋಲು ದೀರ್ಘಕಾಲದ ನಡತೆ. ಕಷ್ಟದಲ್ಲಿ ಬಂದರೇ, ಲಾಭವಿಲ್ಲದಾಗಲೂ ಬಂದರೇ, ಬೇಡವೆಂದಾಗ ಸರಿದು ನಿಂತರೇ? ಅಷ್ಟು ಸಾಕು. ತನ್ನ ವಿಷಯದಲ್ಲಾದರೆ ಇನ್ನೂ ಒಳಗಿನ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು: ನಾನು ಮಾಡಿದ್ದು ಅವರಿಗೆ ಎಂದೂ ತಿಳಿಯದೆಂದಾದರೆ ಮಾಡುತ್ತಿದ್ದೆನೇ? ನನ್ನ ಉಪಕಾರವನ್ನು ಅವರು ಬೇಡವೆಂದರೆ ಸಹಿಸಬಲ್ಲೆನೇ? ನನ್ನ ಆಸರೆಯಿಂದ ಅವರು ತಮ್ಮ ಕಾಲಮೇಲೆ ನಿಲ್ಲುತ್ತಿದ್ದಾರೆಯೇ, ಅಥವಾ ನನ್ನನ್ನು ಬಿಟ್ಟರೆ ಬೀಳುವಂತೆ ಆಗುತ್ತಿದ್ದಾರೆಯೇ? ಕಡೆಯ ಪ್ರಶ್ನೆಯೇ ಹೆಚ್ಚು ನೋಯಿಸುವಂಥದು. ಬೇಕಾದವನಾಗಿ ಉಳಿಯಬೇಕೆಂಬ ಆಸೆ ಅಕ್ಕರೆಯ ವೇಷವನ್ನು ಬಹಳ ಚೆನ್ನಾಗಿ ಹಾಕಿಕೊಳ್ಳುತ್ತದೆ.

ಸಾಹಿತ್ಯ ಸಮ್ಮೇಳನದ ನೆನಪಿನ ಹೊತ್ತಗೆಯಲ್ಲಿ ಈ ಮಾತುಗಳೇಕೆಂದು ಕೆಲವರಿಗೆ ಅನಿಸಬಹುದು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ನಂತರ ಈ ನೆಲದ ಕನ್ನಡಿಗರ ಮನೆಗಳಲ್ಲಿ ಭಾಷೆಯೂ ಒಬ್ಬ ಆಪ್ತನೇ. ಅದನ್ನು ಮಕ್ಕಳಿಗೆ ದಾಟಿಸುವಾಗಲೂ ನಮ್ಮಲ್ಲಿ ಎರಡು ಉದ್ದೇಶಗಳು ಕೆಲಸಮಾಡುತ್ತವೆ. ಕಳೆದುಹೋಗುತ್ತದೆಂಬ ಭಯ ಒಂದು, ಸವಿಯನ್ನು ಹಂಚಿಕೊಳ್ಳುವ ಆಸೆ ಇನ್ನೊಂದು. ಭಯಕ್ಕೆ ಕಾರಣಗಳಿವೆ, ಶಾಲೆಗಳಿಗಾಗಿ, ಹಕ್ಕುಗಳಿಗಾಗಿ ಹಿರಿಯರು ನಡೆಸಿದ ಹೋರಾಟ ಅದರಿಂದಲೇ ಬಲ ಪಡೆಯಿತು, ಆ ಹೋರಾಟ ಇನ್ನೂ ಮುಂದುವರಿಯಬೇಕು. ಆದರೆ ಜಗಲಿಯಲ್ಲಿ ಕುಳಿತ ಮೊಮ್ಮಗಳ ಮುಂದೆ ಭಯ ಮಾತಾಡಿದರೆ ಅವಳಿಗೆ ಕನ್ನಡವೆಂಬುದು ತನ್ನ ನಿಷ್ಠೆಯ ಪರೀಕ್ಷೆಯಾಗಿ ಕೇಳಿಸುತ್ತದೆ. ಶಾಲೆಯಲ್ಲಿ ಮಲಯಾಳ, ಅಂಗಳದಲ್ಲಿ ತುಳು, ಫೋನಿನಲ್ಲಿ ಇಂಗ್ಲಿಷು ಆಡುವ ಆ ಹುಡುಗಿ ಅಜ್ಜನು ಹೇಳುವ ಕಥೆ ಚೆನ್ನಾಗಿದೆಯೆಂಬ ಕಾರಣಕ್ಕೆ ಕನ್ನಡದ ಬಳಿ ಬಂದರೆ, ಕೇಳಿ ಮುಗಿಸಿ ಎದ್ದು ಹೋದರೂ ತಿರುಗಿ ಬರುತ್ತಾಳೆ. ಸಂಘವು ತನ್ನ ಮಕ್ಕಳಿಗೆ ಕೊಡಬಹುದಾದ ನೆಮ್ಮದಿ ಇದೇ: ಎಷ್ಟು ದೂರ ಹೋದರೂ ಲೆಕ್ಕ ಕೇಳದೆ ಕೂರಿಸಿಕೊಳ್ಳುವ ಒಂದು ಮನೆ ಈ ನುಡಿಯಲ್ಲಿದೆ ಎಂಬ ಭರವಸೆ.